ಗ್ರಂಥಸೂಚಿಯಲ್ಲಿ 10 ಅಂಕಿಯ ಐಎಸ್‌ಬಿಎನ್ ಅನ್ನು 13 ಅಂಕಿಗೆ ಬದಲಿಸಬೇಕೇ?

ಗ್ರಂಥಪಾಲಕಿ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನ ಮತ್ತು ಶಿಲ್ಪಗಳ ಕುರಿತು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಂದಿರುವ ಪುಸ್ತಕಗಳ ಗ್ರಂಥಸೂಚಿಯೊಂದನ್ನು ನಮ್ಮ ಕಾಲೇಜಿನ ಗ್ರಂಥಾಲಯದಿಂದ ಸಿದ್ಧಪಡಿಸುತ್ತಿದ್ದೇವೆ. ಹಳೆಯ ಪುಸ್ತಕಗಳಲ್ಲಿ 10 ಅಂಕಿಯ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಇದೆ, 2007ರಿಂದ ಈಚಿನವುಗಳಲ್ಲಿ 13 ಅಂಕಿಯದು. ಒಂದೇ ಪಟ್ಟಿಯಲ್ಲಿ ಎರಡು ಬಗೆಯ ಸಂಖ್ಯೆಗಳು ಚೆನ್ನಾಗಿ ಕಾಣುವುದಿಲ್ಲವೆಂದು ಸಂಪಾದಕ ಮಂಡಳಿಯ ಹಿರಿಯರೊಬ್ಬರು ಹೇಳಿ, ಹಳೆಯ ಸಂಖ್ಯೆಗಳ ಮೊದಲಿಗೆ 978 ಬರೆದು ಎಲ್ಲವನ್ನೂ ಸಮ ಮಾಡಲು ಸೂಚಿಸಿದ್ದಾರೆ. ಹೀಗೆ ಮಾಡಬಹುದೇ? ಸಂಖ್ಯೆಯೇ ಇಲ್ಲದ ಪುಸ್ತಕಗಳಿಗೆ ಏನು ಬರೆಯಬೇಕು?

ನಿವೃತ್ತ ಗ್ರಂಥಪಾಲಕ, ವಿಜಯಪುರ:

ಮೇಡಂ, ಬರೀ 978 ಸೇರಿಸಿದರೆ ಸಂಖ್ಯೆ ತಪ್ಪಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಐಎಸ್‌ಬಿಎನ್‌ನ ಕೊನೆಯ ಅಂಕಿಯು ಉಳಿದ ಅಂಕಿಗಳನ್ನು ತಾಳೆ ನೋಡಲು ಇರುವ ಚೆಕ್ ಡಿಜಿಟ್ ಆಗಿದ್ದು, ಅದನ್ನು ತೆಗೆಯುವ ಲೆಕ್ಕ ಎರಡು ಪದ್ಧತಿಗಳಲ್ಲಿ ಬೇರೆ ಬೇರೆಯಾಗಿದೆ. ಹಳೆಯ ಪದ್ಧತಿಯಲ್ಲಿ ಅಂಕಿಗಳನ್ನು ಎಡದಿಂದ ಕ್ರಮವಾಗಿ 10, 9, 8 ಎಂದು ಇಳಿಯುತ್ತ 1ರವರೆಗೆ ಗುಣಿಸಿ ಕೂಡಿದ ಮೊತ್ತ 11ರಿಂದ ಭಾಗವಾಗಬೇಕು. ಕೊನೆಯ ಸ್ಥಾನಕ್ಕೆ 10 ಬೇಕಾದಾಗ ಅಲ್ಲಿ ಎಕ್ಸ್ ಅಕ್ಷರವನ್ನು ಹಾಕುತ್ತಾರೆ. ಹೊಸ ಪದ್ಧತಿಯಲ್ಲಿ 1 ಮತ್ತು 3ರಿಂದ ಒಂದಾದ ಮೇಲೊಂದರಂತೆ ಗುಣಿಸಿದ ಮೊತ್ತ 10ರಿಂದ ಭಾಗವಾಗಬೇಕು.

ಲೆಕ್ಕ ತೋರಿಸಲೆಂದಷ್ಟೇ ಎತ್ತಿಕೊಂಡ ಒಂದು ಸಂಖ್ಯೆಯನ್ನು ನೋಡಿ: 81-7000-120-ಎಕ್ಸ್. ಇದರ 13 ಅಂಕಿಯ ರೂಪ 978-81-7000-120-1. ಕೊನೆಯ ಎಕ್ಸ್ ಹೋಗಿ 1 ಬಂತು. ಎಕ್ಸ್ ಇದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ, ಆದರೆ ಹೆಚ್ಚಿನ ಸಂಖ್ಯೆಗಳ ಕೊನೆಯಲ್ಲಿ ಸಾಮಾನ್ಯ ಅಂಕಿಯೇ ಇರುವುದರಿಂದ ತಪ್ಪು ಸಂಖ್ಯೆ ಯಾರ ಗಮನಕ್ಕೂ ಬಾರದೆ ಅಚ್ಚಾಗುತ್ತದೆ, ಮತ್ತು ಅದನ್ನು ನಂಬಿ ಹುಡುಕಿದ ಓದುಗನಿಗೆ ಪುಸ್ತಕ ಸಿಗುವುದಿಲ್ಲ.

ನನ್ನ ಖಚಿತ ಅಭಿಪ್ರಾಯವೆಂದರೆ, ಪುಸ್ತಕದ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಬರೆಯಬೇಕು. ಪಟ್ಟಿಯ ಅಂದಕ್ಕಿಂತ, ಓದುಗ ಕೈಯಲ್ಲಿ ಹಿಡಿಯುವ ಪ್ರತಿಗೂ ನಮ್ಮ ನಮೂದಿಗೂ ಹೊಂದಿಕೆ ಇರುವುದು ಮುಖ್ಯ. ಹಾಗೆಂದು ಶೀರ್ಷಿಕೆ ಪುಟದ ಹಿಂಬದಿಯನ್ನು ಮಾತ್ರ ನೋಡಿ ಬಿಡಬೇಡಿ. 2007ಕ್ಕೆ ಮೊದಲೇ ಬಾರ್‌ಕೋಡ್ ಹೊತ್ತು ಬಂದ ಪುಸ್ತಕಗಳ ಹಿಂದಿನ ರಕ್ಷಾಪುಟದಲ್ಲಿ, ಆ ಗೆರೆಗಳ ಕೆಳಗೆ, 978ರಿಂದ ಆರಂಭವಾಗುವ 13 ಅಂಕಿಗಳು ಸಾಮಾನ್ಯವಾಗಿ ಆಗಲೇ ಇರುತ್ತವೆ. ಅಂಥ ಕಡೆ ಎರಡನ್ನೂ ಕೊಡಬಹುದು.

ಸಂಖ್ಯೆಯಿಲ್ಲದ ಪುಸ್ತಕಗಳ ಮಾತು: ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು ಅದಕ್ಕೂ ಬಹಳ ಮೊದಲು ನಮ್ಮ ಊರಿನಲ್ಲಿ ಹಿತಚಿಂತಕ ಮುದ್ರಣಾಲಯ ನಡೆಸಿ ಅಚ್ಚು ಹಾಕಿಸಿದ ಪುಸ್ತಕಗಳಿಗೆ ಅದು ಇರಲು ಸಾಧ್ಯವೇ ಇಲ್ಲ. ಅಲ್ಲಿ ಪ್ರಕಾಶಕರು, ಊರು, ವರ್ಷ, ಮುದ್ರಣದ ಆವೃತ್ತಿ ಇಷ್ಟನ್ನು ಪೂರ್ತಿಯಾಗಿ ಕೊಡಿ. ಈಚಿನ ಮರುಮುದ್ರಣದ ಸಂಖ್ಯೆಯನ್ನು ತಂದು ಮೊದಲ ಮುದ್ರಣದ ನಮೂದಿಗೆ ಅಂಟಿಸುವ ರೂಢಿಯೊಂದು ಬೆಳೆದಿದೆ. ಅದು ಓದುಗನನ್ನು ಬೇರೆಯದೇ ಪುಸ್ತಕಕ್ಕೆ ಕಳಿಸುತ್ತದೆ.

ಪುಸ್ತಕ ವ್ಯಾಪಾರಿ, ಬೆಳಗಾವಿ:

ಸರ್ ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಹಳೆಯ ಸಂಖ್ಯೆಯನ್ನಷ್ಟೇ ಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಂಗಡಿಯ ಸ್ಕ್ಯಾನರ್, ಬಿಲ್ಲಿಂಗ್, ಆನ್‌ಲೈನ್ ಮಾರಾಟ ಎಲ್ಲವೂ ಈಗ 13 ಅಂಕಿಯ ಮೇಲೆಯೇ ನಡೆಯುತ್ತಿವೆ. ಗಿರಾಕಿಗಳು ಗ್ರಂಥಸೂಚಿ ಹಿಡಿದುಕೊಂಡೇ ನಮ್ಮಲ್ಲಿಗೆ ಬರುವುದರಿಂದ, ಸರಿಯಾಗಿ ಪರಿವರ್ತಿಸಿದ ಸಂಖ್ಯೆಯೂ ಪಕ್ಕದಲ್ಲಿದ್ದರೆ ಉಪಕಾರವಾಗುತ್ತದೆ. ಇನ್ನೊಂದು ಸಂಗತಿಯೆಂದರೆ, 979ರಿಂದ ಆರಂಭವಾಗುವ ಪುಸ್ತಕಗಳು ಫ್ರಾನ್ಸ್, ಕೊರಿಯಾ, ಅಮೆರಿಕಗಳಿಂದ ಬರುತ್ತಿದ್ದು, ಅವುಗಳಿಗೆ 10 ಅಂಕಿಯ ರೂಪವೇ ಇಲ್ಲ. ಆದ್ದರಿಂದ ಎಲ್ಲವನ್ನೂ 10ಕ್ಕೆ ಇಳಿಸಿ ಸಮ ಮಾಡುತ್ತೇವೆಂದರೂ ಆಗದು.

ನಿವೃತ್ತ ಗ್ರಂಥಪಾಲಕ, ವಿಜಯಪುರ:

ವ್ಯಾಪಾರಿಗಳ ಅಗತ್ಯ ನ್ಯಾಯವಾದದ್ದೇ. ಅದನ್ನು ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಪೂರೈಸಿ ಎಂಬುದು ನನ್ನ ಸಲಹೆ: ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ, ಮಾರ್ಕ್ 21 ಎಂಬ ಕ್ಯಾಟಲಾಗ್ ಮಾದರಿಯಲ್ಲಿ ಐಎಸ್‌ಬಿಎನ್‌ಗೆಂದೇ ಇರುವ 020 ಫೀಲ್ಡನ್ನು ಎಷ್ಟು ಬಾರಿ ಬೇಕಾದರೂ ತುಂಬಬಹುದಾದ್ದರಿಂದ ಎರಡೂ ಸಂಖ್ಯೆಗಳು ಅಲ್ಲಿ ಇರಲಿ, ಯಾವುದರಿಂದ ಹುಡುಕಿದರೂ ಪುಸ್ತಕ ಸಿಗುತ್ತದೆ. ಅಚ್ಚಾಗುವ ಪಟ್ಟಿಯಲ್ಲೂ ಕೊಡಲೇಬೇಕೆಂದರೆ, ಪರಿವರ್ತಿಸಿದ ಸಂಖ್ಯೆಯನ್ನು ಚೌಕ ಕಂಸದಲ್ಲಿಟ್ಟು, ಅದು ಪುಸ್ತಕದಲ್ಲಿ ಅಚ್ಚಾದದ್ದಲ್ಲವೆಂದು ಮುನ್ನುಡಿಯಲ್ಲಿ ತಿಳಿಸಿ.

ಗ್ರಂಥಪಾಲಕಿ, ಬಾಗಲಕೋಟೆ:

ಇಬ್ಬರಿಗೂ ಕೃತಜ್ಞತೆಗಳು. ಚೌಕ ಕಂಸದ ಕ್ರಮವನ್ನು ಮಂಡಳಿಯ ಮುಂದಿಡುತ್ತೇನೆ. ಎಕ್ಸೆಲ್‌ನಲ್ಲಿ ತುಂಬುವಾಗ ಇಂಗ್ಲಿಷ್ ಪುಸ್ತಕಗಳ ಸಂಖ್ಯೆಯ ಮೊದಲ ಸೊನ್ನೆ ಅಳಿದುಹೋಗುತ್ತಿದೆ, ಇದಕ್ಕೇನು ಪರಿಹಾರ?

ಪುಸ್ತಕ ವ್ಯಾಪಾರಿ, ಬೆಳಗಾವಿ:

ಸಂಖ್ಯೆ ತುಂಬುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿಕೊಳ್ಳಿ, ಮೇಡಂ. ಸೊನ್ನೆಯೂ ಉಳಿಯುತ್ತದೆ, 13 ಅಂಕಿಗಳೂ ಪೂರ್ತಿಯಾಗಿ ಕಾಣುತ್ತವೆ. ಈಗಾಗಲೇ 9 ಅಂಕಿಗಳಿಗೆ ಇಳಿದಿರುವ ಸಾಲುಗಳನ್ನು ಮಾತ್ರ ಪುಸ್ತಕ ತೆರೆದು ಮತ್ತೊಮ್ಮೆ ನೋಡಿಯೇ ತಿದ್ದಬೇಕು.