ಕಂಬಳಿ ಕುರುಬರನ್ನು ರೂಪಿಸಿತೇ, ಕುರುಬರು ಕಂಬಳಿಯನ್ನೇ?

ಬಯಲುಸೀಮೆಯವ: ಕರಿಕಂಬಳಿ ಕುರುಬರ ಗುರುತು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದು ಬರೀ ಗುರುತಲ್ಲ, ಅವರ ಬದುಕಿನ ರೀತಿಯನ್ನೇ ನಿರ್ಧರಿಸಿದ ವಸ್ತು ಎಂಬುದು ನನ್ನ ವಾದ. ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡು ತರುಬುತ್ತ ತಿಂಗಳುಗಟ್ಟಲೆ ಊರೂರು ಅಲೆಯುವವನಿಗೆ ಹಾಸಿಗೆ, ಹೊದಿಕೆ, ಮಳೆಗೆ ತಲೆಯಿಂದ ಇಳಿಬಿಡುವ ಕೊಪ್ಪೆ, ಆಗಷ್ಟೇ ಹುಟ್ಟಿದ ಮರಿಯನ್ನು ಹೊರುವ ಜೋಳಿಗೆ ಎಲ್ಲವೂ ಅದೊಂದೇ ಆಗಿದ್ದರಿಂದಲೇ ಅವನು ಕುರಿ ಮಲಗಿದಲ್ಲಿ ತಾನೂ ಮಲಗಬಲ್ಲವನಾದ.

ಮಗ್ಗದ ಮನೆಯವ: ಚಳ್ಳಕೆರೆ ಕಡೆಯ ನೇಕಾರರ ಮನೆಯಲ್ಲಿ ಬೆಳೆದ ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಹುಣಸೆ ಬೀಜದ ಸಿಪ್ಪೆ ಕಳೆದು, ಅರೆದು, ಕುದಿಸಿದ ಗಂಜಿಯನ್ನು ಬಿಗಿದ ಹಾಸುನೂಲಿಗೆ ಹಚ್ಚಿ ಕುಂಚದಿಂದ ತೀಡಿ, ಬಿಸಿಲಿಗೆ ಒಣಗಿಸಿ, ಆಮೇಲೆ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೇರಿಸಿ ನೇಯ್ದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಮೈಗೆ ಚುಚ್ಚುತ್ತದೆ. ಅದನ್ನು ಹದಕ್ಕೆ ತರುವವನು ಹೊದೆಯುವವನು. ಹಳೆಯ ಕಂಬಳಿಯ ಯಾವ ಭಾಗ ಸವೆದಿದೆ ಎಂದು ನೋಡಿ, ಅದರ ಒಡೆಯ ಯಾವ ಹೆಗಲ ಮೇಲೆ ಕೋಲು ಹೊರುತ್ತಿದ್ದನೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಮಲೆನಾಡಿಗ: ಕಂಬಳಿಯನ್ನು ಒಂದೇ ಸಮುದಾಯಕ್ಕೆ ಕಟ್ಟಿಹಾಕುವುದು ಸರಿಯಲ್ಲ. ನಮ್ಮಲ್ಲಿ ನಾಟಿಯ ಕಾಲಕ್ಕೆ ಗಂಡಸರೆಲ್ಲ ಕಂಬಳಿ ಕೊಪ್ಪೆ ಹಾಕುತ್ತಿದ್ದರು, ಬಗ್ಗಿ ಸಸಿ ನೆಡುವ ಹೆಂಗಸರ ಬೆನ್ನಿಗೆ ಎಲೆಗಳಿಂದ ಹೆಣೆದ ಗೊರಬು ಇರುತ್ತಿತ್ತು. ಗದ್ದೆಯ ದೂರದಿಂದ ಮುಖ ಕಾಣದಿದ್ದರೂ ಗಂಡೋ ಹೆಣ್ಣೋ ಎಂದು ತಿಳಿಯುತ್ತಿದ್ದುದು ಇವುಗಳಿಂದ. ಪ್ಲಾಸ್ಟಿಕ್ ಬಂದ ಮೇಲೆ ಆ ಭೇದವೂ ಹೋಯಿತು. ಹೋದದ್ದಕ್ಕೆ ನನಗೇನೂ ದುಃಖವಿಲ್ಲ.

ಜಾನಪದ ವಿದ್ಯಾರ್ಥಿನಿ: ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತರಾದ ಗೊರವರನ್ನು ಇಲ್ಲಿ ಮರೆಯಬಾರದು. ಕರಿಕಂಬಳಿಯ ನಿಲುವಂಗಿ ತೊಟ್ಟು ಡಮರು ಹಿಡಿದವನನ್ನು ಊರಿನವರು ನಿನ್ನೆಯ ನೆರೆಯವನೆಂದು ಕಾಣುವುದಿಲ್ಲ. ಆದರೆ ಆ ಗೌರವ ಬರುವುದು ದೀಕ್ಷೆಯಿಂದ. ಅದೇ ನಿಲುವಂಗಿಯನ್ನು ನಾನು ತೊಟ್ಟು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಎತ್ತರದ ಬಿಲ್ಲೇರಿ ನಿಂತರೆ ಕಾರಣಿಕವನ್ನು, ಅಂದರೆ ಗೊರವ ನುಡಿಯುವ ಭವಿಷ್ಯವಾಣಿಯನ್ನು, ಕೇಳಲು ಯಾರೂ ನಿಲ್ಲಲಾರರು. ವಸ್ತುವಿಗೆ ತಾನಾಗಿಯೇ ಶಕ್ತಿಯಿದೆ ಎನ್ನುವವರು ಇದಕ್ಕೆ ಉತ್ತರಿಸಬೇಕು.

ಬಯಲುಸೀಮೆಯವ: ದೀಕ್ಷೆ ಪಡೆದವನು ಅಂಗಿ ಪ್ಯಾಂಟಿನಲ್ಲಿ ಬಿಲ್ಲೇರಿದರೂ ಜನ ನಿಲ್ಲಲಾರರು. ಎರಡೂ ಬೇಕು ಎಂಬುದಷ್ಟೇ ನನ್ನ ಉತ್ತರ. ನನ್ನನ್ನು ಕಾಡುವುದು ಬೇರೆ: ವರ್ಷಕ್ಕೆ 2 ಸಲ ಉಣ್ಣೆ ಕತ್ತರಿಸುವ ದಖನಿ ಕುರಿಯನ್ನು ಬಿಟ್ಟು, ಮಾಂಸಕ್ಕೆ ಒಳ್ಳೆಯ ಬೆಲೆ ಬರುತ್ತದೆಂದು ಉಣ್ಣೆಯಿಲ್ಲದ ತಳಿಗಳನ್ನು ಕಟ್ಟಿದವರು ಹಲವರು. ಕುರಿಗಾಹಿಯ ಹೆಗಲಿಗೆ ಈಗ ಅಂಗಡಿಯ ರಗ್ಗು ಬಂದಿದೆ, ಕಂಬಳಿ ಸನ್ಮಾನದ ವೇದಿಕೆ ಹತ್ತಿದೆ. ಅಲ್ಲಿ ಹೊದಿಸಿಕೊಂಡ ಮುಖಂಡರು ಕಾರು ಹತ್ತುವ ಮೊದಲೇ ಅದು ಸಹಾಯಕರ ಕೈ ಸೇರಿರುತ್ತದೆ. ಹೊದೆಯದವರ ಗುರುತಾಗಿ ಉಳಿದ ವಸ್ತು ಯಾರನ್ನು ರೂಪಿಸೀತು?

ಮಗ್ಗದ ಮನೆಯವ: ಅವರನ್ನಲ್ಲದಿದ್ದರೂ ನಮ್ಮನ್ನು ರೂಪಿಸುತ್ತಿದೆ. ಕಂಬಳಿಯಲ್ಲಿ ಉಂಡು ಕೂದಲು ಆರಿಸಬಾರದೆಂಬ ಗಾದೆ ನಿಮಗೂ ಗೊತ್ತು. ಸನ್ಮಾನದ ಕಂಬಳಿಯನ್ನು ಹೀಗಳೆಯುವಾಗ ನನಗೆ ಅದೇ ನೆನಪಾಗುತ್ತದೆ. ನಮ್ಮ ಮನೆಯ ಮಗ್ಗ ಇವತ್ತು ನಡೆಯುತ್ತಿರುವುದು ಆ ಬೇಡಿಕೆಯಿಂದ. ಅದಕ್ಕಾಗಿ ಅಗಲ ತಗ್ಗಿಸಿದ್ದೇವೆ, ಫೋಟೊದಲ್ಲಿ ಎದ್ದು ಕಾಣಲೆಂದು ಅಂಚಿನ ಬಿಳಿ ಪಟ್ಟಿಯನ್ನು ದೊಡ್ಡದು ಮಾಡಿದ್ದೇವೆ, ಚುಚ್ಚಬಾರದೆಂದು ಗಂಜಿಯನ್ನೂ ತೆಳುವಾಗಿಸಿದ್ದೇವೆ. ಮಳೆಯಲ್ಲಿ ಅದು ಎಷ್ಟು ಹೊತ್ತು ತಡೆಯುತ್ತದೆ ಎಂದು ಈವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ.