ಘಟ್ಟದಲ್ಲಿ ತಪ್ಪಿ ಒಂದನೇ ಗೇರ್ ಬಿತ್ತು, ಎಂಜಿನ್ ಮೇಲ್ಭಾಗದ ಹೆಡ್ ಬಿಚ್ಚಿಸಬೇಕಾ?

ಶಿರಸಿಯಿಂದ ಪ್ರಶ್ನೆ:
ದೇವಿಮನೆ ಘಟ್ಟ ಇಳಿಯುವಾಗ ತಮ್ಮ ನಾಲ್ಕರಿಂದ ಮೂರಕ್ಕೆ ಹಾಕಲು ಹೋದ, ಗೇರ್ ಒಂದಕ್ಕೆ ಬಿತ್ತು. ಎಂಜಿನ್ ಕಿರುಚಿತು, ಎಂಜಿನ್ ವೇಗ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ತಕ್ಷಣ ಕ್ಲಚ್ ಒತ್ತಿದ. ಪೆಟ್ರೋಲ್ ಕಾರು. ಓಡುತ್ತಿದೆ, ಆದರೆ ನಿಂತಲ್ಲಿ ಸ್ವಲ್ಪ ನಡುಗುತ್ತದೆ. ಎಂಜಿನ್ ವೇಗ ಮಿತಿ ದಾಟದ ಹಾಗೆ ನೋಡಿಕೊಳ್ಳುವ ರೆವ್ ಲಿಮಿಟರ್ ಇದ್ದೂ ಹೀಗಾಗುತ್ತಾ? ಹೆಡ್ ಬಿಚ್ಚಿಸಬೇಕಾ?

ಕಾರವಾರದಿಂದ:
ಆಗುತ್ತದೆ. ಲಿಮಿಟರ್ ಮಾಡುವುದು ಪೆಟ್ರೋಲ್ ಅಥವಾ ಸ್ಪಾರ್ಕ್ ನಿಲ್ಲಿಸುವ ಕೆಲಸ ಮಾತ್ರ. ಆಕ್ಸಿಲರೇಟರ್ ಜಾಸ್ತಿ ತುಳಿದರೆ ಅದು ಕಾಪಾಡುತ್ತದೆ. ನಿಮ್ಮಲ್ಲಿ ಎಂಜಿನ್ ತಿರುಗಿಸಿದ್ದು ಚಕ್ರಗಳು. ಅದನ್ನು ಯಾವ ಕಂಪ್ಯೂಟರೂ ತಡೆಯಲ್ಲ.

ವೇಗ ಏರಿದ ಹಾಗೆ ಪಿಸ್ಟನ್, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮೇಲಿನ ಎಳೆತ ವರ್ಗದ ಲೆಕ್ಕದಲ್ಲಿ ಏರುತ್ತದೆ. 6500ರ ಬದಲು 7800 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಅಂದರೆ ವೇಗ 20% ಜಾಸ್ತಿ, ಎಳೆತ 44% ಜಾಸ್ತಿ. ವಾಲ್ವ್ ಸ್ಪ್ರಿಂಗ್‌ಗೂ ಅಷ್ಟು ಬೇಗ ವಾಲ್ವ್ ಮುಚ್ಚಲು ಆಗಲ್ಲ. ಆಗಲೇ ಮೇಲೆ ಬರುವ ಪಿಸ್ಟನ್ ವಾಲ್ವ್‌ಗೆ ಬಡಿದು ಅದು ಬಾಗುವುದು.

ಹೋಂಡಾ ಎಸ್2000 ಕಾರಿನ ಮೊದಲ 2 ಲೀಟರ್ ಎಂಜಿನ್‌ಗೆ ಕೆಂಪು ಗೆರೆಯೇ 9000. 84 ಮಿಲಿಮೀಟರ್ ಸ್ಟ್ರೋಕ್‌ಗೆ (ಪಿಸ್ಟನ್ ಒಂದು ಸಲ ಮೇಲಿಂದ ಕೆಳಗೆ ಚಲಿಸುವ ದೂರ) ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್ ದಾಟುತ್ತದೆ. ಅದನ್ನು ತಾಳಿಕೊಳ್ಳಲೆಂದೇ ಗಟ್ಟಿ ಸ್ಪ್ರಿಂಗ್, ಬಲವಾದ ರಾಡ್ ಹಾಕಿದ್ದಾರೆ. ಆದರೂ ತಪ್ಪು ಗೇರ್ ಬಿದ್ದರೆ ಅದೂ ಉಳಿಯುತ್ತದೆ ಅನ್ನೋ ಹಾಗಿಲ್ಲ.

ಸುಮ್ನೆ ಹೆಡ್ ಬಿಚ್ಚಿಸಬೇಡಿ. ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಿ, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವುದು. ಒಂದು ಸಿಲಿಂಡರ್ ಮಾತ್ರ ಬೇರೆಯವಕ್ಕಿಂತ ತುಂಬಾ ಕೆಳಗಿದ್ದರೆ ಅಲ್ಲೇ ತೊಂದರೆ. ಆಮೇಲೆ ಲೀಕ್‌ಡೌನ್: ಆ ಸಿಲಿಂಡರ್‌ನ ಎರಡೂ ಕಡೆಯ ವಾಲ್ವ್ ಮುಚ್ಚಿರುವ ಹಾಗೆ ಪಿಸ್ಟನ್ ಮೇಲೆ ತಂದು, ಪ್ಲಗ್ ತೂತಿನಿಂದ ಗಾಳಿ ಬಿಟ್ಟು ಕಿವಿಗೊಡುವುದು. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಅಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್. ವಾಲ್ವ್ ಅಂತ ಗೊತ್ತಾದರೆ ಆಗ ಬಿಚ್ಚಿಸಿ, ಅನುಮಾನವೇ ಬೇಡ. ನಡುಗುತ್ತಿರುವುದರಿಂದ ಅಲ್ಲಿವರೆಗೆ ಕಾರು ಓಡಿಸಬೇಡಿ.

ಅಂಕೋಲಾದಿಂದ:
ಒಂದು ಸೇರಿಸುತ್ತೇನೆ. ಎರಡೂ ಟೆಸ್ಟ್ ಪಾಸಾದರೂ ರಾಡ್ ಬೋಲ್ಟ್ ಹಿಗ್ಗಿದ್ದು, ಬೇರಿಂಗ್ ಸವೆದದ್ದು ತಿಳಿಯಲ್ಲ. ಆಯಿಲ್ ಬಿಳಿ ಬಟ್ಟೆಯ ಮೇಲೆ ಹಾಕಿ ಬಿಸಿಲಲ್ಲಿ ನೋಡಿ, ಲೋಹದ ಪುಡಿ ಮಿಂಚುತ್ತಾ ಅಂತ. ಎಂಜಿನ್ ಕೆಳಗಿನಿಂದ ಟಕ್ ಟಕ್ ಶಬ್ದ ಬಂದರೆ ತಕ್ಷಣ ಆಫ್ ಮಾಡಿ.

ತಮ್ಮನಿಗೆ ಒಂದು ಮಾತು. ಅರಬೈಲ್ ಘಟ್ಟದಲ್ಲಿ ಗಾಡಿ ಓಡಿಸಿ ಬೆಳೆದವನು ನಾನು. ಲಿವರ್ ಬಿಗಿಯಾಗಿ ಹಿಡಿದು ತನ್ನ ಕಡೆ ಎಳೆಯಬಾರದು. ಮೊದಲು ನ್ಯೂಟ್ರಲ್‌ಗೆ ಬಿಡಬೇಕು, ಲಿವರ್ ತಾನಾಗಿ ನಡುವಿಗೆ ಬರುತ್ತದೆ. ಅಲ್ಲಿಂದ ಅಂಗೈಯಲ್ಲಿ ನೇರ ಮುಂದೆ ತಳ್ಳಿದರೆ ಮೂರೇ ಬೀಳುತ್ತದೆ. ಕ್ಲಚ್ ಬಿಡುವ ಮೊದಲು ಬ್ರೇಕ್ ಹಿಡಿದು ವೇಗ ಇಳಿಸಿರಬೇಕು.

ನಾಲ್ಕೂ ಸಿಲಿಂಡರ್ ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕಿ, ನೋಡೋಣ.