ಮೀನಿಗೆ ಹಾಕುವ ಸೊಪ್ಪನ್ನು ಬಾಡಿಸುವುದೋ, ಬೇಯಿಸುವುದೋ?

‘ಬಾಡಿಸು’ ಎಂದರೆ ನಿಮ್ಮ ಅಡುಗೆಮನೆಯಲ್ಲಿ ಎಣ್ಣೆ ಬೇಕೇ, ಬೇಡವೇ? ಕೇಳುತ್ತಿರುವುದು ಮೀನಿನ ತೊಟ್ಟಿಯ ಸಲುವಾಗಿ. ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದು ಗಿರಾಕಿಗಳಿಗೆ ಹಂಚಲು ಕನ್ನಡದಲ್ಲಿ ಒಂದು ಕರಪತ್ರ ಮಾಡಿಸಿದೆ. ಮೀನಿಗೆ ಮತ್ತು ತೊಟ್ಟಿಯ ಬಸವನಹುಳುವಿಗೆ ತರಕಾರಿ ಕೊಡುವುದು ಹೇಗೆ ಎಂಬುದು ವಿಷಯ. ಮೊದಲ ಮುದ್ರಣದಲ್ಲಿ ‘ಪಾಲಕ್ ಸೊಪ್ಪನ್ನು ಎರಡು ನಿಮಿಷ ಬಾಡಿಸಿ, ತಣ್ಣಗಾದ ಮೇಲೆ ಹಾಕಿ’ ಎಂದಿತ್ತು. ಓದಿದ ಗಿರಾಕಿಯೊಬ್ಬರು ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟು, ಸೊಪ್ಪು ಬಾಡಿಸಿ, ಆರಿಸಿ ತೊಟ್ಟಿಗೆ ಹಾಕಿದರು. ನೀರಿನ ಮೇಲೆ ಪೊರೆ ಕಟ್ಟಿತು. ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯಿಂದಲೇ ಆದ್ದರಿಂದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಟಿಶ್ಯೂ ಕಾಗದ ಹಾಸಿ ಎಣ್ಣೆ ಎತ್ತಿ, ಅರ್ಧ ನೀರು ಬದಲಿಸಿದ ಮೇಲೆ ಚೇತರಿಸಿಕೊಂಡವಂತೆ. ಅವರನ್ನು ದೂರಲಾರೆ. ಅಡುಗೆ ಬರಹಗಳಲ್ಲಿ ‘ಈರುಳ್ಳಿ ಬಾಡಿಸಿ’ ಎಂಬ ಮಾತು ಬರುವ ಹೊತ್ತಿಗೆ ಸಾಸಿವೆ ಆಗಲೇ ಸಿಡಿದಿರುತ್ತದೆ. ಎರಡನೆಯ ಮುದ್ರಣದ ಕರಡು ತಿದ್ದುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ಹೇಳಬೇಕಾದ ಕ್ರಿಯೆ ಇಷ್ಟೇ: ಕುದಿಯುವ ನೀರಿಗೆ ತರಕಾರಿ ಹಾಕಿ, ಒಂದೆರಡು ನಿಮಿಷಕ್ಕೆ ತೆಗೆದು, ತಣ್ಣೀರಿಗೆ ಹಾಕುವುದು. ಉಪ್ಪಿಲ್ಲ, ಅರಿಸಿನವಿಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. ಹಸಿ ತುಂಡು ನೀರಿನ ಮೇಲೆ ತೇಲುತ್ತದೆ. ಕುದಿನೀರಿಗೆ ಹಾಕಿ ತೆಗೆದರೆ ಒಳಗಿನ ಗಾಳಿ ಹೊರಟುಹೋಗಿ, ನಾರು ಸಡಿಲವಾಗಿ, ತಳಕ್ಕೆ ಇಳಿಯುತ್ತದೆ. ತಳದಲ್ಲೇ ಓಡಾಡುವ, ನಮ್ಮ ಅಂಗಡಿಗಳಲ್ಲಿ ‘ಸಕ್ಕರ್’ ಎಂದು ಮಾರುವ ದಕ್ಷಿಣ ಅಮೆರಿಕದ ಪ್ಲೆಕೊ ಮೀನಿಗೆ ಆಗ ಅದು ಬಾಯಿಗೆ ಎಟಕುತ್ತದೆ. ಈ ಕ್ರಿಯೆಗೆ ಇಂಗ್ಲಿಷಿನವರು ಹೇಳುವ ‘ಬ್ಲಾಂಚ್’ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದಕ್ಕೆ ಬೆಳ್ಳಗೆ ಮಾಡು ಎಂಬ ಅರ್ಥ. ಪಾಲಕ್ ಮಾತ್ರ ಕುದಿನೀರಿಗೆ ಬಿದ್ದೊಡನೆ ಇನ್ನಷ್ಟು ಹಸಿರಾಗುತ್ತದೆ. ಕರಡಿನ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ‘ಬಿಳುಪಿಸಿ’ ಎಂದು ಬರೆದಿದ್ದರು; ಸಂತೋಷದಿಂದ ಹೊಡೆದುಹಾಕಿದ್ದೇನೆ.

ಹಾಗಾದರೆ ಯಾವ ಪದ? ‘ಬೇಯಿಸು’ ಎಂದರೆ ಓದುಗರು ಬೇಯುವವರೆಗೂ ಬಿಡುವುದಿಲ್ಲ. ಸಿಹಿಗುಂಬಳ ಮುದ್ದೆಯಾಗಿ, ನೀರೆಲ್ಲ ಬಗ್ಗಡವಾಗುತ್ತದೆ. ‘ಕುದಿಸು’ ನೀರಿಗೆ, ಹಾಲಿಗೆ, ಸಾರಿಗೆ ಒಪ್ಪುವ ಮಾತು. ಸೊಪ್ಪನ್ನು ಕುದಿಸಿ ಎಂದರೆ ನನ್ನ ಕಿವಿಗೆ ಕಷಾಯದ ಹಾಗೆ ಕೇಳಿಸುತ್ತದೆ. ‘ಅರೆಬೇಯಿಸು’ ಪರವಾಗಿಲ್ಲ, ಗಟ್ಟಿ ಕಾಯಿಗಳಿಗೆ ಸರಿಯಾಗಿಯೇ ಇದೆ. ಆದರೆ ಅರೆಬೆಂದದ್ದು ಎಂದರೆ ನಮ್ಮಲ್ಲಿ ಅಡುಗೆಯವರಿಗೆ ಬೈಗುಳ. ಬೇಕೆಂದೇ ಅರ್ಧಕ್ಕೆ ನಿಲ್ಲಿಸುವ ಜಾಣತನ ಆ ಪದದಲ್ಲಿಲ್ಲ.

‘ಬಸಿ’ ಎಂಬುದನ್ನೂ ಯೋಚಿಸಿದೆ. ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ನಮ್ಮ ಮನೆಯಲ್ಲಿ ಬಸ್ಸಾರಿನ ದಿನ ದಂಟಿನ ಸೊಪ್ಪಿನ ಎರಡು ಎಲೆಗಳನ್ನು ಉಪ್ಪು ಬೀಳುವ ಮೊದಲೇ ಎತ್ತಿ ತೊಟ್ಟಿಗೆ ಹಾಕುತ್ತೇವೆ. ಆದರೆ ಬಸಿಯುವುದು ಕೆಲಸದ ಕೊನೆಯ ಹಂತ ಮಾತ್ರ, ಇಡೀ ಕ್ರಿಯೆಯ ಹೆಸರಾಗಲಾರದು.

ಸುತ್ತಿ ಬಳಸಿ ಮತ್ತೆ ‘ಬಾಡಿಸು’ವಿಗೇ ಬರುತ್ತಿದ್ದೇನೆ, ಅದಕ್ಕೆ ಕಾರಣ ಬಾಳೆಎಲೆ. ಹಸಿ ಬಾಳೆಎಲೆಯನ್ನು ಮಡಚಿದರೆ ಸೀಳಿಹೋಗುತ್ತದೆ. ಉರಿಯ ಮೇಲೆ ಒಮ್ಮೆ ಹಾಯಿಸಿದರೆ ಬಣ್ಣ ಗಾಢವಾಗುತ್ತದೆ, ಎಲೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ, ಪೊಟ್ಟಣ ಕಟ್ಟಬಹುದು. ಇದನ್ನು ‘ಎಲೆ ಬಾಡಿಸುವುದು’ ಎನ್ನುತ್ತೇವೆ. ಇಲ್ಲಿ ಒಂದು ಹನಿ ಎಣ್ಣೆಯೂ ಇಲ್ಲ. ಕಾವು ತಾಗಿಸಿ ಬಿಗಿ ಕಳೆಯುವುದೇ ಈ ಪದದ ತಿರುಳು, ಎಣ್ಣೆ ಒಗ್ಗರಣೆಯ ಸಹವಾಸದಿಂದ ಅಂಟಿಕೊಂಡದ್ದು ಎಂದು ನನ್ನ ವಾದ. ಆದ್ದರಿಂದ ‘ಕುದಿನೀರಿನಲ್ಲಿ ಬಾಡಿಸಿ’ ಎಂದು ಬರೆದರೆ ಸಾಕಲ್ಲವೇ?

ಸ್ನೇಹಿತರೊಬ್ಬರು ಒಪ್ಪುತ್ತಿಲ್ಲ. ಹೂವು ಬಾಡುತ್ತದೆ, ಸೊಪ್ಪು ಬಾಡುತ್ತದೆ, ಮುಖವೂ ಬಾಡುತ್ತದೆ, ಸೌತೆಕಾಯಿ ಎಲ್ಲಿ ಬಾಡುತ್ತದೆ ಎಂಬುದು ಅವರ ತಕರಾರು. ಸಂಜೆ ಗಾಂಧಿ ಬಜಾರಿನಲ್ಲಿ ‘ಬದನೆಕಾಯಿ ಬಾಡಿದೆ, ಕಡಿಮೆ ಮಾಡಿಕೊಳ್ಳಿ’ ಎಂದು ಚೌಕಾಸಿ ಮಾಡುವವರನ್ನು ಅವರು ಕೇಳಿಲ್ಲವೆಂದು ಕಾಣುತ್ತದೆ. (ಬಾಡೂಟದ ‘ಬಾಡು’ ಇದಕ್ಕೆ ನೆಂಟನೋ ಅಲ್ಲವೋ, ತಿಳಿದವರು ಹೇಳಿ. ಮೀನಿನ ಕರಪತ್ರದಲ್ಲಿ ಆ ಪದ ಸುಳಿಯದಿದ್ದರೆ ಒಳ್ಳೆಯದು.)

ಬಟಾಣಿಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಗೋಲ್ಡ್‌ಫಿಶ್‌ಗೆ ಹೊಟ್ಟೆ ಕಟ್ಟಿದರೆ ಬೆಂದ ಬಟಾಣಿಯ ಸಿಪ್ಪೆ ತೆಗೆದು ಕೊಡುವುದು ರೂಢಿ. ಕರಡಿನಲ್ಲಿ ‘ಹೊರಕವಚ ಬೇರ್ಪಡಿಸಿದ ಬಟಾಣಿ’ ಎಂದಿದೆ. ಚಳಿಗಾಲ ಪೂರ್ತಿ ಅವರೆಕಾಯಿಯ ಸೊಗಡಿನಲ್ಲಿ ಮುಳುಗಿರುವ, ಅದಕ್ಕೆಂದೇ ಮೇಳ ನಡೆಸುವ ಊರಿನಲ್ಲಿ ಕುಳಿತು ಹೀಗೆ ಬರೆಯುವುದೇ? ಎರಡು ಬೆರಳ ನಡುವೆ ಒತ್ತಿದಾಗ ಸಿಪ್ಪೆ ಕೈಯಲ್ಲೇ ಉಳಿದು ಕಾಳು ಹಾರಿ ಬರುವ ಆ ಕೆಲಸಕ್ಕೆ ‘ಹಿದುಕು’ ಎಂಬ ಮುತ್ತಿನಂಥ ಪದವಿದೆ. ‘ಹಿದುಕಿದ ಬಟಾಣಿ’ ಎಂದು ತಿದ್ದಿದ್ದೇನೆ. ಹಿತಕು, ಹಿಚುಕು, ಹಿಸುಕು ಎಂಬ ರೂಪಗಳೂ ಓಡಾಡುತ್ತವೆ. ‘ಹಿಸುಕಿದ’ ಎಂದರೆ ಮಾತ್ರ ಕಾಳೇ ನುಜ್ಜಾದಂತೆ ನನಗೆ ತೋರುತ್ತದೆ. ನಿಮಗೆ?

ತರಕಾರಿಗಳ ಹೆಸರಿನಲ್ಲೂ ಒಂದು ಎಡವಟ್ಟು. ಹೊರದೇಶದ ಬರಹಗಳು ಜುಕಿನಿ ಎಂದೇ ಜಪಿಸುವುದರಿಂದ ಕರಡಿನವರು ಅದಕ್ಕೆ ‘ಸೀಮೆಸೌತೆ’ ಎಂದು ನಾಮಕರಣ ಮಾಡಿದ್ದಾರೆ. ಅದು ಕುಂಬಳದ ಕುಲದ್ದು, ಸೌತೆಯದ್ದಲ್ಲ. ಜುಕಿನಿ ಎಂದೇ ಇರಲಿ, ಅಥವಾ ಅದರ ಬದಲು ನಮ್ಮ ಸೀಮೆಬದನೆ ಇರಲಿ. ಸ್ವಲ್ಪ ಹೆಚ್ಚು ಹೊತ್ತು ಕುದಿನೀರಿನಲ್ಲಿಟ್ಟರೆ ಪ್ಲೆಕೊ ಅದನ್ನೂ ತಿನ್ನುತ್ತದೆ. ಮೆಕ್ಸಿಕೊ ಕಡೆಯಿಂದ ಬಂದ ಈ ಕಾಯಿಯನ್ನು ನಾವು ಸೀಮೆಯದೆಂದರೆ, ತೆಲುಗರೂ ತಮಿಳರೂ ಬೆಂಗಳೂರು ಬದನೆ ಎಂದು ನಮ್ಮ ತಲೆಗೇ ಕಟ್ಟಿದ್ದಾರೆ! ಇನ್ನು ‘ಪಲ್ಯ’ ಎಂಬ ಪದವನ್ನು ಕರಪತ್ರದಿಂದ ಪೂರ್ತಿ ತೆಗೆಸಿದೆ. ಧಾರವಾಡದ ಕಡೆಯವರಿಗೆ ಪಲ್ಯವೆಂದರೆ ಹಸಿ ಸೊಪ್ಪೂ ಹೌದು. ಬೆಂಗಳೂರಿನವರು ಒಗ್ಗರಣೆ ಸಮೇತ ತೊಟ್ಟಿಗೆ ಸುರಿದಾರು.

ಬಸವನಹುಳುವಿನದು ಬೇರೆ ಪ್ರಶ್ನೆ. ಕೃಷಿ ಇಲಾಖೆಯ ಬರಹಗಳಲ್ಲಿ ‘ಶಂಖದಹುಳು’ ಎಂದಿರುವುದುಂಟು. ಆದರೆ ಅಲ್ಲಿ ಮಾತು ಬೆಳೆ ತಿನ್ನುವ ದೈತ್ಯ ಆಫ್ರಿಕನ್ ಹುಳುವಿನದು, ಕೊಲ್ಲುವ ಉಪಾಯದ್ದು. ಕಾಸು ಕೊಟ್ಟು ತಂದು ಸಾಕುವ ಹುಳುವಿಗೆ ಕೊಂಬಿನ ‘ಬಸವ’ನೇ ಇರಲಿ. ಅದು ತಿನ್ನುವ ಬಗೆಗೆ ಕರಡಿನಲ್ಲಿ ‘ಕಚ್ಚಿ ತಿನ್ನುತ್ತದೆ’ ಎಂದಿದೆ, ಅದು ತಪ್ಪು. ಅದರ ನಾಲಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳ ಸಾಲುಗಳಿವೆ. ಹೆರೆಮಣೆಯ ಮೇಲೆ ಕಾಯಿ ಹೆರೆದಂತೆ ಹೆರೆಯುತ್ತದೆ. ರಾತ್ರಿ ಸೌತೆಕಾಯಿಯ ಒಂದು ಬಿಲ್ಲೆಯನ್ನು ಫೋರ್ಕಿಗೆ ಚುಚ್ಚಿ ಮುಳುಗಿಸಿ ನೋಡಿ. ಮೊದಲು ನಡುವಿನ ಬೀಜದ ತಿರುಳು ಖಾಲಿಯಾಗುತ್ತದೆ, ಆಮೇಲೆ ಸುತ್ತಲಿನ ದಪ್ಪ ಭಾಗ, ಬೆಳಿಗ್ಗೆಗೆ ಹಸಿರು ಸಿಪ್ಪೆಯ ಬಳೆಯಷ್ಟೇ ಉಳಿದಿರುತ್ತದೆ. ‘ಹೆರೆದು ತಿನ್ನುತ್ತದೆ’ ಎಂದು ಬರೆದಿದ್ದೇನೆ. ಬೆಂಗಳೂರಿನ ಓದುಗರು ‘ತುರಿ’ ಎನ್ನುತ್ತಾರೆಂಬುದು ಗೊತ್ತು. ಆದರೆ ತುರಿ ಎಂದೊಡನೆ ಮೈ ತುರಿಕೆಯೂ ನೆನಪಾಗುತ್ತದೆ.

ಬಸವನಹುಳುವಿನ ಚಿಪ್ಪಿಗೆ ಸುಣ್ಣದಂಶ ಬೇಕು, ಬರೀ ಪಾಲಕ್ ಕೊಟ್ಟರೆ ಆಗದು. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿಯವರು ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ಹಾಕಿ ಎನ್ನುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ‘ಸಮುದ್ರದ ನೊರೆ’ ಎಂದು ಕೇಳಿದರೆ ಸಿಗುವುದೂ ಅದೇ ಎಂಬ ಟಿಪ್ಪಣಿ ಸೇರಿಸಿದ್ದೇನೆ.

ಉಳಿದದ್ದು ಒಂದು ಸಾಲು: ‘ತಿನ್ನದೆ ಬಿಟ್ಟ ತುಂಡನ್ನು ಮರುದಿನವೇ ತೆಗೆಯಿರಿ, ಇಲ್ಲದಿದ್ದರೆ ಹಳಸಿ ನೀರಿನಲ್ಲಿ ಅಮೋನಿಯಾ ಹೆಚ್ಚುತ್ತದೆ.’ ಹಳಸುವುದು ಅನ್ನ, ಸಾರು. ತರಕಾರಿ ಕೊಳೆಯುತ್ತದೆ. ಆದರೆ ಇದು ಕುದಿನೀರಿಗೆ ಹಾಕಿ ತೆಗೆದ ತರಕಾರಿ, ಪೂರ್ತಿ ಹಸಿಯೂ ಅಲ್ಲ, ಅಡುಗೆಯೂ ಅಲ್ಲ. ಸದ್ಯಕ್ಕೆ ‘ಕೊಳೆತು’ ಎಂದಿಟ್ಟಿದ್ದೇನೆ. ಕರಾವಳಿ, ಮಲೆನಾಡಿನವರು ಕೆಸುವಿನ ಎಲೆಯನ್ನೋ ಬಸಳೆಯನ್ನೋ ಕುದಿನೀರಿಗೆ ಹಾಕಿ ತೆಗೆಯುವುದಕ್ಕೆ ಒಂದೇ ಪದದ ಕ್ರಿಯಾಪದ ಇಟ್ಟುಕೊಂಡಿದ್ದರೆ ದಯವಿಟ್ಟು ತಿಳಿಸಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.